ಮಹಿಳಾ ಸದಸ್ಯರು: ಸೊನ್ನೆ

ನಮ್ಮ ಕ್ಲಬ್ಬಿನ ನೋಟೀಸ್ ಬೋರ್ಡಿಗೆ ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಹಾಳೆ ಅಂಟಿಸುತ್ತಿದ್ದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆ. ಮೇಲೆ ಟೆನಿಸ್ ಆಟಗಾರರ ಗ್ರೇಡು ಅಂತ ತಲೆಬರಹ, ಕೆಳಗೆ ಎ, ಬಿ, ಸಿ ಅಂತ ಮೂರು ಪಟ್ಟಿ. ಅದು ಅಂಟಿದ ಸಂಜೆ ಗಣಿಯ ಗುಮಾಸ್ತರೆಲ್ಲ ಕನ್ನಡಕ ಏರಿಸಿಕೊಂಡು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವ ಹುಡುಗರಂತೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ನಲವತ್ತು ದಾಟಿ ಹೊಟ್ಟೆ ಬಂದ, ಎರಡು ಗೇಮ್ ಆಡಿದರೆ ಸೊಂಟ ಹಿಡಿದುಕೊಂಡು ಬೆಂಚಿಗೆ ಬರುವ ಗಂಡಸರು ಇವರು. ಬಿ ಇಂದ ಎ ಗೆ ಏರಿದವರು ಮರುದಿನ ಎಲ್ಲರಿಗೂ ಬೀಡಾ ಹಂಚುತ್ತಿದ್ದರು. ಸಿ ಗೆ ಇಳಿದವರು ಹದಿನೈದು ದಿನ ಕ್ಲಬ್ಬಿನ ಕಡೆ ತಲೆ ಹಾಕುತ್ತಿರಲಿಲ್ಲ. ಹಾಳೆಯ ತೀರಾ ಕೆಳಗೆ ಇನ್ನೊಂದು ಸಾಲು ಇರುತ್ತಿತ್ತು: 'ಮಹಿಳಾ ಸದಸ್ಯರು: ಸೊನ್ನೆ.' ಸದಸ್ಯರು ಅಂತ ಬಹುವಚನ ಬೇರೆ. ನಮ್ಮ ಕ್ಲಬ್ಬಿನಲ್ಲಿ ಟೆನಿಸ್ ಆಡುತ್ತಿದ್ದ ಹೆಂಗಸು ನಾನೊಬ್ಬಳೇ, ಮತ್ತು ಆ ಸಾಲಿನಲ್ಲಿ ನನ್ನ ಹೆಸರು ಇರುತ್ತಿರಲಿಲ್ಲ.

ಇದು ಎಂಬತ್ತರ ದಶಕದ ಮಾತು. ಗ್ರೇಡಿನ ಲೆಕ್ಕ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ. ಎ ಅಂದರೆ ಮೂರು ಪಾಯಿಂಟು, ಬಿ ಅಂದರೆ ಎರಡು, ಸಿ ಅಂದರೆ ಒಂದು, ಹೆಂಗಸು ಅಂದರೆ ಸೊನ್ನೆ. ಕೆ.ಜಿ.ಎಫ್.ನಲ್ಲಿ ಆಫೀಸರುಗಳದ್ದೊಂದು ಕ್ಲಬ್ಬು, ನಮ್ಮ ಗುಮಾಸ್ತರದ್ದೊಂದು, ಬಂಗಾರಪೇಟೆಯಲ್ಲಿ ರೈಲ್ವೆ ನೌಕರರದ್ದೊಂದು. ಮೂರೂ ಸೇರಿ ಚಳಿಗಾಲದಲ್ಲಿ ಡಬಲ್ಸ್ ಲೀಗ್ ನಡೆಸುತ್ತಿದ್ದವು. ಒಂದು ಜೋಡಿಯಲ್ಲಿ ಇಬ್ಬರ ಪಾಯಿಂಟು ಸೇರಿ ನಾಲ್ಕು ದಾಟಬಾರದು. ಅಂದರೆ ಎ ಆಟಗಾರ ಒಬ್ಬ ಸಿ ಯನ್ನು ಕಟ್ಟಿಕೊಂಡು ಆಡಬೇಕು, ಇಲ್ಲವೇ ಇಬ್ಬರು ಬಿ ಗಳು ಜೊತೆಯಾಗಬೇಕು. ಬಲವಾದವರಿಬ್ಬರೂ ಒಂದೇ ಕಡೆ ನಿಂತರೆ ಆಟ ಕೆಡುತ್ತದೆ ಅಂತ ಈ ಏರ್ಪಾಟು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ನಿಯಮದಲ್ಲಿ ತಪ್ಪಿಲ್ಲ ಅಂತ ಒಪ್ಪುತ್ತೇನೆ. ತಪ್ಪಿದ್ದದ್ದು ಯಾರು ಎ, ಯಾರು ಸಿ ಅಂತ ತೀರ್ಮಾನಿಸುವ ತಲೆಗಳಲ್ಲಿ.

ಆಫೀಸರುಗಳ ಕ್ಲಬ್ಬಿನಲ್ಲಿ ಗ್ರೇಡು ಹುದ್ದೆಯ ಜೊತೆಗೇ ಬರುತ್ತಿತ್ತು. ಟ್ರಾನ್ಸ್‌ಫರ್ ಆಗಿ ಬಂದ ಒಬ್ಬ ಸೂಪರಿಂಟೆಂಡೆಂಟ್ ಸಾಹೇಬರು ಸಾಮಾನು ಇಳಿಸುವ ಮೊದಲೇ ಎ ಆಗಿದ್ದರು. ರಾಕೆಟ್ಟನ್ನು ನೊಣ ಹೊಡೆಯುವವರಂತೆ ಹಿಡಿಯುತ್ತಿದ್ದರು. ನಮ್ಮದು ಹಾಗಲ್ಲ, ನಮ್ಮದು ಪ್ರಜಾಪ್ರಭುತ್ವ. ಕಮಿಟಿಯ ಐದು ಜನ ಕೂತು ಮೊದಲು ತಮ್ಮ ತಮ್ಮ ಗ್ರೇಡು ತಾವೇ ಬರೆದುಕೊಳ್ಳುತ್ತಿದ್ದರು. ಮೆರೆಯಬೇಕು ಅನ್ನುವವರಿಗೆ ಎ ಬೇಕು, ಗೆಲ್ಲಬೇಕು ಅನ್ನುವವರಿಗೆ ಸಿ ಬೇಕು. ಒಬ್ಬ ಮಹಾಶಯ ಮೊಣಕಾಲು ನೋವೆಂದು ಎರಡು ತಿಂಗಳು ಎಲ್ಲರೆದುರು ಕುಂಟಿ ಸಿ ಗಿಟ್ಟಿಸಿಕೊಂಡ. ಪಂದ್ಯದ ದಿನ ಆ ಮೊಣಕಾಲು ಎಲ್ಲಿ ಹೋಯಿತೋ, ಮೂಲೆಮೂಲೆಗೂ ಓಡಿದ. ಯಾರಿಗೂ ನಾಚಿಕೆ ಇರಲಿಲ್ಲ.

ಹೆಂಗಸರಿಗೆ ಸೊನ್ನೆ ಕೊಟ್ಟದ್ದು ದ್ವೇಷದಿಂದಲ್ಲ. ದ್ವೇಷಿಸಬೇಕಾದರೂ ಒಂದಿಷ್ಟು ಯೋಚಿಸಬೇಕು, ಅಷ್ಟೂ ಅವರು ಯೋಚಿಸಿರಲಿಲ್ಲ. ಆಫೀಸರುಗಳ ಹೆಂಡತಿಯರು ವರ್ಷಕ್ಕೊಂದು ಭಾನುವಾರ ಗಾಗಲ್ಸ್ ಹಾಕಿಕೊಂಡು ಕೋರ್ಟಿಗಿಳಿದು, ನಾಲ್ಕು ಚೆಂಡು ಹೊಡೆದು, ನಗುನಗುತ್ತಾ ಕಾಫಿಗೆ ಹೋಗುತ್ತಿದ್ದರು. ಇವರನ್ನು ಎಲ್ಲಿ ಸೇರಿಸುವುದು ಅಂತ ತೋಚದೆ ಯಾರೋ ಹಿಂದೆ ಯಾವಾಗಲೋ ಸೊನ್ನೆ ಅಂತ ಟೈಪ್ ಮಾಡಿದ್ದರು. ಆಮೇಲೆ ಮೂರೂ ಕ್ಲಬ್ಬಿನವರು ಪ್ರತಿ ವರ್ಷ ಹಳೆಯ ಹಾಳೆ ನೋಡಿ ಅದನ್ನೇ ಮತ್ತೆ ಟೈಪ್ ಮಾಡಿದರು.

ನಾನು ಬೇತಮಂಗಲದ ಹತ್ತಿರದ ಹಳ್ಳಿಯವಳು. ರಾಗಿ, ರೇಷ್ಮೆ, ನಾಲ್ಕು ಹಸು ಇದ್ದ ಮನೆ. ಎಪ್ಪತ್ತರ ದಶಕದಲ್ಲಿ ಕೆ.ಜಿ.ಎಫ್.ನ ಒಂದು ಕಾನ್ವೆಂಟಿಗೆ ದಿನವೂ ಬಸ್ಸಿನಲ್ಲಿ ಬಂದು ಓದಿದೆ. ಅಲ್ಲಿದ್ದ ಒಬ್ಬ ವಯಸ್ಸಾದ ಸಿಸ್ಟರ್ ಪಾದ ಮುಟ್ಟುವ ಬಿಳಿ ನಿಲುವಂಗಿಯಲ್ಲೇ ಟೆನಿಸ್ ಆಡುತ್ತಿದ್ದರು. ಆ ಬಟ್ಟೆಯಲ್ಲಿ ಓಡುವ ಹಾಗಿಲ್ಲವಲ್ಲ, ಅದಕ್ಕೆ ಚೆಂಡು ಎಲ್ಲಿಗೆ ಬರುತ್ತದೆ ಅಂತ ಮೊದಲೇ ತಿಳಿದು ಅಲ್ಲಿ ಹೋಗಿ ನಿಂತಿರುತ್ತಿದ್ದರು. ಎದುರಿನವರ ಕಾಲ ಬುಡಕ್ಕೆ ಮೆಲ್ಲಗೆ ಚೆಂಡು ಇಳಿಸುವುದನ್ನು ನನಗೆ ಕಲಿಸಿದ್ದು ಅವರೇ. ಸೀರೆಯುಟ್ಟು ಆಡುವವಳಿಗೆ ಅದಕ್ಕಿಂತ ಒಳ್ಳೆಯ ಗುರು ಯಾರು ಸಿಗುತ್ತಾರೆ? ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾನ್ವಾಸ್ ಶೂ ಹಾಕಿದರೆ ನನಗೆ ಸಾಕಾಗಿತ್ತು.

ಕ್ಲಬ್ಬಿಗೆ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಗಂಡನೇ, ಅದನ್ನು ಮುಚ್ಚಿಡುವುದಿಲ್ಲ. ಅವರು ಗಣಿಯ ಸ್ಟೋರ್ಸಿನಲ್ಲಿ ಗುಮಾಸ್ತರಾಗಿದ್ದರು. ಗಂಡಸರ ಮಧ್ಯೆ ಸೊಸೆ ಕುಣಿಯುತ್ತಾಳೆ ಅಂತ ಅತ್ತೆ ಮೂಗು ಮುರಿದಾಗ, ಮನೆಯ ಹಿಂದೆಯೇ ಕೋರ್ಟಿದೆ, ಆಡಲಿ ಬಿಡಮ್ಮ ಅಂದವರೂ ಅವರೇ. ಅವರ ಗ್ರೇಡು ಸಿ. ಇಡೀ ಪಟ್ಟಿಯಲ್ಲಿ ನ್ಯಾಯವಾಗಿ ಸಿಕ್ಕಿದ ಗ್ರೇಡು ಅದೊಂದೇ ಅಂತ ಕಾಣುತ್ತದೆ. ಅವರು ಹೊಡೆದ ಚೆಂಡು ಒಂದೋ ನೆಟ್ಟಿಗೆ, ಇಲ್ಲವೇ ಚಿನ್ನ ತೆಗೆದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಗೆ.

ನಮ್ಮ ಕ್ಲಬ್ಬಿನ ಸೆಕ್ರೆಟರಿ ಗಣಿಯ ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಹೆಡ್ ಕ್ಲಾರ್ಕು, ಎ ಗ್ರೇಡು. ಆಟವೂ ಸುಮಾರಾಗಿ ಬರುತ್ತಿತ್ತು, ಇಲ್ಲ ಅನ್ನುವುದಿಲ್ಲ. ಅದಕ್ಕಿಂತ ಚೆನ್ನಾಗಿ ಕೂಡುವ ಲೆಕ್ಕ ಬರುತ್ತಿತ್ತು. ನಾನು ಆಡುವುದನ್ನು ಒಂದು ವಾರ ಬೇಲಿಯ ಪಕ್ಕ ನಿಂತು ನೋಡಿ, ಮೂರಕ್ಕೆ ಸೊನ್ನೆ ಸೇರಿಸಿದರೆ ಮೂರೇ ಅನ್ನುವುದನ್ನು ಕಂಡುಹಿಡಿದ. ಆ ವರ್ಷ ಲೀಗಿನಲ್ಲಿ ನನ್ನನ್ನೇ ಜೋಡಿ ಮಾಡಿಕೊಂಡ. ಉಳಿದ ಎ ಗಳೆಲ್ಲ ಒಬ್ಬೊಬ್ಬ ಸಿ ಯನ್ನು ಹೆಣ ಹೊತ್ತಂತೆ ಹೊತ್ತು ಆಡುತ್ತಿದ್ದರೆ, ಈತನ ಪಕ್ಕದಲ್ಲಿ ನಾನಿದ್ದೆ. ಸತತವಾಗಿ ಎರಡು ವರ್ಷ ಲೀಗಿನ ಕಪ್ಪು ನಮಗೇ ಬಂತು. ಫೋಟೋದಲ್ಲಿ ಕಪ್ಪು ಆತನ ಕೈಯಲ್ಲಿ. ನಾನು ಪಕ್ಕದಲ್ಲಿ, ಯಾರದೋ ಮನೆಗೆ ಅರಿಸಿನ ಕುಂಕುಮಕ್ಕೆ ಬಂದವಳ ಹಾಗೆ ನಿಂತಿದ್ದೇನೆ.

ಮೊದಲ ವರ್ಷವೇ ನಾನು ನನಗೂ ಒಂದು ಗ್ರೇಡು ಕೊಡಿ ಅಂತ ಕೇಳಿದ್ದೆ. ಸೆಕ್ರೆಟರಿ ನಕ್ಕ. ಎರಡನೇ ವರ್ಷ ಬರೆದು ಕೊಟ್ಟೆ. ಹೆಂಗಸರಿಗೆ ಗ್ರೇಡು ಕೊಡಲು ನಿಯಮದಲ್ಲಿ ಅವಕಾಶ ಇಲ್ಲ ಅಂತ ಬಾಯಲ್ಲೇ ಉತ್ತರ ಬಂತು. ಮೂರನೇ ವರ್ಷ ನಾನು ಬಿಡಲಿಲ್ಲ. ಯಾರ ಜೊತೆ ಬೇಕಾದರೂ ಒಂದು ಸೆಟ್ಟು ಆಡಿಸಿ ನೋಡಿ, ಆಮೇಲೆ ಸೊನ್ನೆ ಅಂದರೆ ಒಪ್ಪುತ್ತೇನೆ ಅಂದೆ. ಆತ ದೊಡ್ಡ ಉಪಕಾರ ಮಾಡುವವನಂತೆ, ಬೇಕಾದರೆ ಸಿ ಕೊಡೋಣ ಮೇಡಂ ಅಂದ. ಸಿ ಅಂದರೆ ಒಂದು. ಮೂರೂ ಒಂದೂ ನಾಲ್ಕು. ನಾನು ಆತನ ಜೋಡಿಯಾಗಿಯೇ ಉಳಿಯುತ್ತೇನೆ, ಕಪ್ಪು ಆತನ ಮನೆಯ ಶೋಕೇಸಿನಲ್ಲೇ ಉಳಿಯುತ್ತದೆ. ಎಂಥಾ ಧಾರಾಳ! ಬೇಡ ಅಂದೆ. ನನಗೆ ಬೇಕಾಗಿದ್ದದ್ದು ನನ್ನ ಆಟಕ್ಕೆ ತಕ್ಕ ಅಂಕಿ. ಅದು ನನ್ನ ಹೆಸರಿನ ಮುಂದೆ, ಎಲ್ಲರೂ ನೋಡುವ ಹಾಳೆಯಲ್ಲಿ ಬೇಕಾಗಿತ್ತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹಠವೇ ಅಂತ ಆಗಲೂ ಕೇಳಿದರು, ಈಗಲೂ ಕೇಳುತ್ತಾರೆ. ಸಣ್ಣದಾಗಿದ್ದರೆ ಕೊಡುವುದಕ್ಕೆ ಅವರಿಗೇನು ಅಡ್ಡಿಯಿತ್ತು?

ಆ ವರ್ಷದ ಕಡೆಯ ಪಂದ್ಯ ಬಂಗಾರಪೇಟೆಯಲ್ಲಿ. ರಾಕೆಟ್ಟಿಗೆ ಬಟ್ಟೆಯ ಚೀಲ ಹಾಕಿಕೊಂಡು ಬೆಳಗಿನ ಪ್ಯಾಸೆಂಜರಿನಲ್ಲಿ ಹೋದೆವು. ಹಳಿಗಳ ಪಕ್ಕದಲ್ಲೇ ಅವರ ಕೋರ್ಟು, ಹಿಂದಿನ ದಿನ ಸಗಣಿ ಸಾರಿಸಿ ಒಣಗಿಸಿದ್ದರು. ಎದುರಿಗಿದ್ದದ್ದು ಅಲ್ಲಿನ ಒಬ್ಬ ಟಿಕೆಟ್ ಕಲೆಕ್ಟರು, ಒಬ್ಬ ಸಿ ಗ್ರೇಡಿನವನ ಜೊತೆ. ಟಿ.ಸಿ. ಭಾರೀ ಆಳು, ಮದನಪಲ್ಲಿ ಕಡೆಯವನು, ಕನ್ನಡದಲ್ಲೇ ಮಾತಾಡುತ್ತಾ ಸಿಟ್ಟು ಬಂದಾಗ ತೆಲುಗಿಗೆ ಹೊರಳುತ್ತಿದ್ದ. ಮೂರು ಸೆಟ್ಟು ಆಡಿ ನಾವು ಗೆದ್ದೆವು. ಟಿ.ಸಿ. ಕೈ ಕುಲುಕಿದ, ಒಂದು ಚೊಂಬು ನೀರು ಕುಡಿದ, ಅಲ್ಲೇ ಬೆಂಚಿನ ಮೇಲೆ ಕೂತು ದೂರು ಬರೆದ. ಈ ಹೆಂಗಸು ಸೊನ್ನೆ ಅಲ್ಲ, ಎ ಗ್ರೇಡು. ಆದ್ದರಿಂದ ಈ ಜೋಡಿಯದು ಆರು ಪಾಯಿಂಟು. ಆದ್ದರಿಂದ ಕಪ್ಪು ನಮಗೆ ಬರಬೇಕು. ಅಷ್ಟೇ ದೂರು.

ಮುಂದಿನ ಭಾನುವಾರ ಬೆಳಿಗ್ಗೆ ಆಫೀಸರುಗಳ ಕ್ಲಬ್ಬಿನಲ್ಲಿ ವಿಚಾರಣೆ. ನೊಣ ಹೊಡೆಯುವ ಸೂಪರಿಂಟೆಂಡೆಂಟ್ ಸಾಹೇಬರೇ ಅಧ್ಯಕ್ಷರು. ನಮ್ಮ ಕ್ಲಬ್ಬಿನ ಪರವಾಗಿ ಸೆಕ್ರೆಟರಿ ಎದ್ದು ನಿಂತು ನನ್ನ ಆಟ ಎಷ್ಟು ಕೆಟ್ಟದ್ದು ಅಂತ ವಿವರಿಸತೊಡಗಿದ. ಸರ್ವೀಸಿನಲ್ಲಿ ಜೋರಿಲ್ಲವಂತೆ. ಓಡುವುದೇ ಇಲ್ಲವಂತೆ. ಬರುವ ಚೆಂಡನ್ನೆಲ್ಲ ಆತನೇ ತೆಗೆದುಕೊಳ್ಳುವುದಂತೆ, ನಾನು ನೆಟ್ಟಿನ ಹತ್ತಿರ ಸುಮ್ಮನೆ ನಿಂತಿರುವುದಂತೆ. ಮೂರು ವರ್ಷ ಪ್ರತಿ ಗೇಮಿಗೂ 'ನೈಸ್ ಮೇಡಂ, ನೈಸ್ ಮೇಡಂ' ಅಂದ ಬಾಯಿ ಅದು. ನಾನು ಎದುರಿಗೇ ಕುರ್ಚಿಯಲ್ಲಿ ಕೂತಿದ್ದೆ. ಆತ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ.

ಆಮೇಲೆ ನನ್ನ ಗಂಡನನ್ನು ಸಾಕ್ಷಿಗೆ ಕರೆದರು. ಅವರು ಏಳುವಾಗ ನನಗೆ ಒಂದು ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಕೈ ಕಟ್ಟಿಕೊಂಡು ನಿಂತು, ಸ್ಕೂಲು, ಮನೆಗೆಲಸ, ಮಗು, ಇವುಗಳ ಮಧ್ಯೆ ಇವಳಿಗೆ ಪ್ರಾಕ್ಟೀಸಿಗೆ ಹೊತ್ತೆಲ್ಲಿ ಸಾರ್, ಏನೋ ಒಂದಿಷ್ಟು ಚೆಂಡು ವಾಪಸ್ ಹಾಕುತ್ತಾಳೆ ಅಂದರು. ಕ್ಲಬ್ಬಿನ ಮಾನ ಉಳಿಸಿದ ತೃಪ್ತಿಯಲ್ಲಿ ಕೂತರು.

ನನ್ನ ಪರವಾಗಿ ಮಾತಾಡಿದವನು ನನ್ನ ಕೈಲಿ ಸೋತ ಆ ಟಿ.ಸಿ. ಒಬ್ಬನೇ. ಕಪ್ಪಿನ ಆಸೆಗೆ ಮಾತಾಡಿದ, ಗೊತ್ತು. ಆದರೂ ಅವನು ಆ ಪಂದ್ಯದಲ್ಲಿ ಕಣ್ಣು ಬಿಟ್ಟುಕೊಂಡು ಆಡಿದ್ದ.

"ಮೊದಲ್ನೇ ಸೆಟ್ಟಲ್ಲಿ ಈಯಮ್ಮನ ಬ್ಯಾಕ್‌ಹ್ಯಾಂಡಿಗೇ ಒಡೆದೆ ಸಾರ್, ಏಳು ಸಲ," ಅಂದ. "ಏಳು ಸಲಾನೂ ತಂದು ನನ್ನ ಕಾಲ ಅತ್ರಾನೇ ಆಕಿದ್ರು. ಬೊಗ್ಗಿ ಬೊಗ್ಗಿ ನನ್ನ ಸೊಂಟ ಇವತ್ತಿಗೂ ನೋಯ್ತದೆ. ಸೊನ್ನೆ ಕೈಲಿ ಆಡಿದ್ರೆ ಸೊಂಟ ನೋಯ್ತದಾ ಸಾರ್?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಎರಡನೇ ಸೆಟ್ಟಿನಲ್ಲಿ ನಾನು ನೆಟ್ಟಿಗೆ ಯಾವಾಗ ಬಂದೆ, ಯಾವ ಚೆಂಡನ್ನು ಬೇಕೆಂದೇ ಬಿಟ್ಟೆ, ಅವನ ಜೊತೆಯವನನ್ನು ಬಿಸಿಲಿಗೆ ಮುಖ ಮಾಡಿಸಿ ಹೇಗೆ ಮೇಲೆತ್ತಿ ಹೊಡೆದೆ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಸಿಸ್ಟರ್ ಬಿಟ್ಟರೆ ನನ್ನ ಆಟವನ್ನು ಅಷ್ಟು ಗಮನಿಸಿ ನೋಡಿದವರು ಇನ್ನೊಬ್ಬರಿಲ್ಲ. ನನಗೆ ಕಣ್ಣು ತುಂಬಿ ಬಂತು, ಅದಕ್ಕೂ ಸಿಟ್ಟು ಬಂತು.

ಸಾಹೇಬರಿಗೆ ಊಟದ ಹೊತ್ತಾಗುತ್ತಿತ್ತು. ಇದನ್ನು ಬೇಗ ಮುಗಿಸುವ ಉಪಾಯ ಅವರಿಗೆ ಹೊಳೆಯಿತು. ನನ್ನ ಕಡೆ ತಿರುಗಿ, ನೀವೇ ಹೇಳಿಬಿಡಿ ಅಮ್ಮ, ನಿಮಗೆ ಎಷ್ಟು ಅನ್ನಿಸುತ್ತದೆ ಅಂತ ಕೇಳಿದರು. ಮನೆಯ ಹೆಂಗಸು, ತನ್ನ ಕ್ಲಬ್ಬನ್ನೂ ಗಂಡನನ್ನೂ ಬಿಟ್ಟುಕೊಡುವುದಿಲ್ಲ ಅನ್ನುವ ಧೈರ್ಯ ಅವರ ಮುಖದಲ್ಲಿತ್ತು. ಸೊನ್ನೆ ಅಂದರೆ ಕಪ್ಪು ಉಳಿಯುತ್ತದೆ. ಸೆಕ್ರೆಟರಿ ಆಗ ಮೊದಲ ಸಲ ನನ್ನನ್ನು ನೋಡಿ ಹಲ್ಲು ಗಿಂಜಿದ.

"ಮೂರು ಸಾರ್," ಅಂದೆ.

ಟಿ.ಸಿ. ತೊಡೆ ತಟ್ಟಿಕೊಂಡ. ಸಾಹೇಬರು ತೀರ್ಪು ಬರೆಸಿದರು: ಕಪ್ಪು ಬಂಗಾರಪೇಟೆಗೆ; ಮುಂದಿನ ವರ್ಷದ ಪಟ್ಟಿಯಲ್ಲಿ ಈ ಸದಸ್ಯೆಗೆ ಎ ಗ್ರೇಡು. ಸೆಕ್ರೆಟರಿ ಆ ಕಪ್ಪನ್ನು ತನ್ನ ಮನೆಯ ಶೋಕೇಸಿನಿಂದ ತೆಗೆದು, ತರಕಾರಿ ಚೀಲದಲ್ಲಿ ಹಾಕಿಕೊಂಡು, ಮರುದಿನ ಅದೇ ಬೆಳಗಿನ ಪ್ಯಾಸೆಂಜರಿನಲ್ಲಿ ಬಂಗಾರಪೇಟೆಗೆ ಹೊತ್ತುಕೊಂಡು ಹೋದ. ಅದನ್ನು ನೋಡುವುದಕ್ಕೆ ನಾನು ಸ್ಟೇಷನ್ನಿಗೆ ಹೋಗಲಿಲ್ಲ, ಹೋಗಬೇಕು ಅಂತ ಆಸೆ ಇತ್ತು.

ಮನೆಯಲ್ಲಿ ಗಂಡ ಬೈಯಲಿಲ್ಲ. ಕಪ್ಪು ಹೋಯಿತಲ್ಲ ಅಂದರು, ಅಷ್ಟೇ. ನಾನೂ ಸಾಕ್ಷಿಯ ವಿಷಯ ಎತ್ತಲಿಲ್ಲ. ಯಾಕೆಂದರೆ ನನ್ನ ತಲೆಯಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು. ನಾನು ಮೂರಾದರೆ ಸೆಕ್ರೆಟರಿಯಂಥವರ ಜೊತೆ ಆಡುವ ಹಾಗಿಲ್ಲ. ನನಗೆ ಒಬ್ಬ ಸಿ ಬೇಕು. ನಮ್ಮ ಕ್ಲಬ್ಬಿನಲ್ಲಿ ಆರು ಜನ ಸಿ ಗಳಿದ್ದರು. ಒಬ್ಬೊಬ್ಬರನ್ನೂ ಕೇಳಿದೆ. ಒಬ್ಬರಿಗೆ ನೈಟ್ ಶಿಫ್ಟು, ಒಬ್ಬರಿಗೆ ಹಲ್ಲುನೋವು, ಇನ್ನೊಬ್ಬರು ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದರು. ಹೆಂಗಸು ಎ ಆಗಿ, ತಾವು ಅವಳ ಪಕ್ಕದಲ್ಲಿ ಸಿ ಆಗಿ ನಿಲ್ಲಬೇಕಲ್ಲ, ಅದನ್ನು ಬಾಯಿ ಬಿಟ್ಟು ಹೇಳುವ ಗಂಡಸುತನವೂ ಅವರಿಗಿರಲಿಲ್ಲ. ಆದರೆ ಆರನೆಯ ಸಿ ನನ್ನ ಮನೆಯಲ್ಲೇ ಇದ್ದರಲ್ಲ! ಮೂರೂ ಒಂದೂ ನಾಲ್ಕು. ಗಂಡ ಹೆಂಡತಿ ಒಂದೇ ಜೋಡಿ.

ಹೇಳಿದೆ. ಅವರು ನಕ್ಕರು, ಆಗಲಿ ಅಂದರು. ಬೇಸಿಗೆ ರಜೆಯಿಂದ ಶುರುಮಾಡಿ ದಿನಾ ಬೆಳಿಗ್ಗೆ ಆರಕ್ಕೆ ಇಬ್ಬರೂ ಕೋರ್ಟಿಗಿಳಿದೆವು. ಗಣಿಯ ಕೆಳಗೆ ಬಂಡೆ ಸಿಡಿದು ಆಟದ ಮಧ್ಯೆ ನೆಲ ನಡುಗಿದರೆ ಆ ಪಾಯಿಂಟನ್ನು ಮತ್ತೆ ಆಡಬೇಕು ಅಂತ ನಮ್ಮ ಕ್ಲಬ್ಬಿನ ನಿಯಮ. ನನ್ನ ಗಂಡನಿಗೆ ಮಾತ್ರ ಪಾಯಿಂಟು ಸೋತಾಗಲೆಲ್ಲ ನೆಲ ನಡುಗುತ್ತಿತ್ತು. ನನಗೇನೂ ಗೊತ್ತಾಗಲಿಲ್ಲವಲ್ಲ ಅಂದರೆ, ನಿನಗೆ ಶೂ ದಪ್ಪ ಇದೆ ಅನ್ನುತ್ತಿದ್ದರು. ನಕ್ಕು ನಕ್ಕು ನನಗೆ ಸರ್ವೀಸ್ ಮಾಡಲು ಆಗುತ್ತಿರಲಿಲ್ಲ. ಅವರಿಗೆ ಓಡುವುದನ್ನು ಬಿಡಿಸಿದೆ. ಎದುರಿನವರ ತಲೆಯ ಮೇಲಿಂದ ಎತ್ತರವಾಗಿ ಚೆಂಡು ಎತ್ತುವ ಲಾಬ್ ಒಂದನ್ನೇ ತಿಂಗಳುಗಟ್ಟಲೆ ಹೊಡೆಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹತ್ತಕ್ಕೆ ಆರು ಒಳಗೆ ಬೀಳುತ್ತಿದ್ದವು. ಸಾಕ್ಷಿ ಹೇಳಿದ್ದನ್ನು ನಾನು ಮನಸ್ಸಿನಲ್ಲೇ ಕ್ಷಮಿಸಿಬಿಟ್ಟಿದ್ದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ನಾನು ತುಂಬಾ ಸಂತೋಷವಾಗಿದ್ದದ್ದು ಆ ತಿಂಗಳುಗಳಲ್ಲಿ.

ದೀಪಾವಳಿ ಕಳೆಯಿತು. ಹಾಳೆ ಅಂಟಿತು. ಸ್ಕೂಲಿನಿಂದ ನೇರ ಕ್ಲಬ್ಬಿಗೆ ಹೋದೆ. ಎ ಪಟ್ಟಿಯ ಕಡೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಇನಿಶಿಯಲ್ ತಪ್ಪು ಹೊಡೆದಿದ್ದರು, ಪರವಾಗಿಲ್ಲ. ಎರಡು ಸಲ ಓದಿದೆ. ಆಮೇಲೆ ಸಿ ಪಟ್ಟಿಯಲ್ಲಿ ಗಂಡನ ಹೆಸರು ಹುಡುಕಿದೆ. ಇರಲಿಲ್ಲ. ಅದು ಬಿ ಪಟ್ಟಿಯಲ್ಲಿತ್ತು.

ಟೈಪಿನ ತಪ್ಪು ಅಂದುಕೊಂಡು ಸೆಕ್ರೆಟರಿಯ ಹತ್ತಿರ ಹೋಗಿ, ನಮ್ಮವರದ್ದು ತಪ್ಪಾಗಿ ಮೇಲೆ ಬಂದಿದೆ, ಸರಿಮಾಡಿ ಅಂದೆ. ಕಪ್ಪು ಹೋದ ಮೇಲೆ ಆತ ನನ್ನ ಜೊತೆ ಮಾತು ಬಿಟ್ಟಿದ್ದ. ಅವತ್ತು ಬಹಳ ಖುಷಿಯಾಗಿ ಮಾತಾಡಿದ.

"ತಪ್ಪೇನಿಲ್ಲ ಮೇಡಂ. ನಿಮ್ ಯಜಮಾನ್ರೇ ಅಪ್ಲಿಕೇಷನ್ ಕೊಟ್ಟಿದ್ರು. ನನ್ ಜೊತೆ ಒಂದು ಸೆಟ್ಟು ಟೆಸ್ಟೂ ಆಡಿದ್ರು. ಲಾಬ್ ಚೆನ್ನಾಗಿ ಕಲ್ತಿದ್ದಾರೆ."

ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ಪ್ರಮೋಷನ್ನಿಗೂ ಅರ್ಜಿ ಹಾಕದ ಮನುಷ್ಯ. ಯಾರು ಹೇಳಿದರೂ ನನಗೆ ಅವೆಲ್ಲ ಬೇಡ, ಇದ್ದ ಜಾಗದಲ್ಲೇ ಹಾಯಾಗಿದ್ದೇನೆ ಅನ್ನುತ್ತಿದ್ದ ಮನುಷ್ಯ. ಮನೆಗೆ ಬಂದಾಗ ಅವರು ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದೆ.

"ಬಿ ಆದ್ರಂತೆ. ಮೂರೂ ಎರಡೂ ಐದಾಗುತ್ತೆ. ಇನ್ನು ನಾವಿಬ್ಬರೂ ಜೊತೆಗೆ ಆಡೋ ಹಾಗಿಲ್ಲ. ಅರ್ಜಿ ಕೊಡೋವಾಗ ಲೆಕ್ಕ ನೋಡ್ಲಿಲ್ವಾ?"

ಅವರು ಲೋಟವನ್ನು ಕೆಳಗಿಟ್ಟರು. ಸಿಟ್ಟಿರಲಿಲ್ಲ, ಮೆಲ್ಲಗೇ ಹೇಳಿದರು.

"ನೋಡ್ದೆ ಕಣೇ. ಅದುಕ್ಕೇ ಕೊಟ್ಟಿದ್ದು."

ಆ ಚಳಿಗಾಲದ ಲೀಗಿನಲ್ಲಿ ಅವರು ಇನ್ನೊಬ್ಬ ಬಿ ಯ ಜೊತೆ ಆಡಿ ಮೊದಲ ಪಂದ್ಯದಲ್ಲೇ ಸೋತು ಬಂದರು. ಉಳಿದ ಐದು ಜನ ಸಿ ಗಳಿಗೆ ಶಿಫ್ಟೂ ಹಲ್ಲುನೋವೂ ಇದ್ದೇ ಇದ್ದವು. ಮೂರು ಕ್ಲಬ್ಬುಗಳಲ್ಲಿ ಎ ಗ್ರೇಡಿದ್ದ ಹೆಂಗಸು ನಾನೊಬ್ಬಳೇ, ಮತ್ತು ನಾನು ಒಂದು ಪಂದ್ಯವನ್ನೂ ಆಡಲಿಲ್ಲ.